ತಾಯಿ ಚಿಟ್ಟೆಯ ಪರೀಕ್ಷೆ

ಅದು ೨೦೦೪. ಚಿಕ್ಕಬಳ್ಳಾಪುರ ಇನ್ನೂ ಜಿಲ್ಲೆಯಾಗಿರಲಿಲ್ಲ, ಶಿಡ್ಲಘಟ್ಟ ಕೋಲಾರಕ್ಕೆ ಸೇರಿತ್ತು. ಅಲ್ಲಿನ ಒಂದು ಸಣ್ಣ ಖಾಸಗಿ ಆಸ್ಪತ್ರೆಯಲ್ಲಿ ನಾನು ಫಿಜಿಷಿಯನ್. ರೇಷ್ಮೆಯ ಊರು. ಹುಳು ಹಣ್ಣಾಗಿ ಗೂಡು ಕಟ್ಟುವ ವಾರ ಪ್ರಾಣ ಹೋದರೂ ಯಾರೂ ಆಸ್ಪತ್ರೆ ಕಡೆ ತಲೆ ಹಾಕುತ್ತಿರಲಿಲ್ಲ. ಗೂಡು ಮಾರಿದ ಮರುದಿನ ಇಡೀ ಊರಿಗೇ ಕಾಯಿಲೆ. ನಾನು ಸಿಡುಕಿನ ಮನುಷ್ಯ, ಬೈದೂ ಬೈದೂ ಸಾಕಾಗಿ ಸುಮ್ಮನಾಗಿದ್ದೆ.

ಆ ವರ್ಷ ಬೇಸಿಗೆಯಲ್ಲಿ ಸಾದಲಿ ಕಡೆಯ ಹಳ್ಳಿಯೊಂದರಿಂದ ಮಂಜುಳಾ ಎಂಬ ಹೆಂಗಸು ಒಂಬತ್ತು ವರ್ಷದ ಮಗಳು ಭವ್ಯಳನ್ನು ಹೆಗಲ ಮೇಲೆ ಹಾಕಿಕೊಂಡು ಬಂದಳು. ಒಂದು ತಿಂಗಳಿಂದ ಹುಡುಗಿ ಕೊಡಗಟ್ಟಲೆ ನೀರು ಕುಡಿದು ಸೊರಗುತ್ತಿದ್ದಳಂತೆ. ಈಗ ವಾಂತಿ, ಏದುಸಿರು, ಬಾಯಲ್ಲಿ ಕೊಳೆತ ಹಣ್ಣಿನಂಥ ವಾಸನೆ. ರಕ್ತದ ಸಕ್ಕರೆ ಐನೂರು ದಾಟಿತ್ತು. ಇದು ಟೈಪ್ ಒನ್ ಡಯಾಬಿಟಿಸ್. ದೇಹದಲ್ಲಿ ಇನ್ಸುಲಿನ್ ಇಲ್ಲವಾದಾಗ ರಕ್ತ ಆಮ್ಲವಾಗುತ್ತದೆ, ಅದನ್ನು ಕೀಟೋಅಸಿಡೋಸಿಸ್ ಎನ್ನುತ್ತೇವೆ. ಡ್ರಿಪ್ ಹಾಕಿ, ಇನ್ಸುಲಿನ್ ಶುರು ಮಾಡಿ ಬೆಂಗಳೂರಿಗೆ ಕಳಿಸಿದೆ. ಹುಡುಗಿ ಉಳಿದಳು.

ಅಲ್ಲಿಂದ ಬಂದ ಮೇಲೆ ಇಂಜೆಕ್ಷನ್ ಕಲಿಸುವ ಕೆಲಸ ನನ್ನದಾಯಿತು. ಏಳನೇ ಕ್ಲಾಸು ಓದಿದ್ದ ಮಂಜುಳಾ ಎರಡೇ ದಿನದಲ್ಲಿ ಕಲಿತಳು. ಮನೆಯಲ್ಲಿ ಫ್ರಿಜ್ಜಿಲ್ಲ. ಇನ್ಸುಲಿನ್ ಸೀಸೆಯನ್ನು ಒದ್ದೆ ಮರಳಿನ ಮಡಕೆಯಲ್ಲಿಟ್ಟು ಕಾಪಾಡಿದಳು. ಒಂದು ಮಾತನ್ನಂತೂ ಅವಳಿಂದ ಬಾಯಿಪಾಠ ಮಾಡಿಸಿದ್ದೆ: ಮಗುವಿಗೆ ಹುಷಾರಿಲ್ಲದೆ ಊಟ ಬಿಟ್ಟರೂ ಇಂಜೆಕ್ಷನ್ ಪೂರ್ತಿ ಬಿಡಬಾರದು, ಸಕ್ಕರೆ ನೋಡಿಸಿಕೊಂಡು ಕೊಡಬೇಕು. ಭವ್ಯ ಮತ್ತೆ ಮೈ ತುಂಬಿಕೊಂಡಳು. ಸ್ಕೂಲಿಗೂ ಹೋದಳು. ಅವಳು ಬಂದರೆ ನನ್ನ ಸಿಡುಕೂ ಇಳಿಯುತ್ತಿತ್ತು.

ಚಳಿಗಾಲದ ಹೊತ್ತಿಗೆ ಮಂಜುಳಾ ಬರುವುದು ನಿಂತಿತು. ಗಂಡ ನಾರಾಯಣಸ್ವಾಮಿ ಮಗಳನ್ನು ಕರೆತರತೊಡಗಿದ, ಸೂಜಿಯನ್ನೂ ಅವನೇ ಹಾಕುತ್ತಿದ್ದ. ಸಕ್ಕರೆ ಏರುತ್ತಲೇ ಹೋಯಿತು. ಗದರಿಸಿ ಕೇಳಿದ ಮೇಲೆ ತಲೆ ತಗ್ಗಿಸಿಕೊಂಡು ಹೇಳಿದ, ಹೆಂಡತಿ ಚಿಂತಾಮಣಿ ಹತ್ತಿರದ ತವರಿನಲ್ಲಿದ್ದಾಳೆ, ನಮ್ಮವ್ವ ಕಳಿಸಿಬಿಟ್ಟಳು ಎಂದು. ಕಾರಣವನ್ನೂ ಹೇಳಿದ.

ಹುಳು ಸಾಕುವವರಿಗೆ ಎಲ್ಲಕ್ಕಿಂತ ಹೆದರಿಕೆ ಗಂಟುರೋಗ. ಅದು ತಾಯಿ ಚಿಟ್ಟೆಯಿಂದ ಮೊಟ್ಟೆಗೆ ಬರುತ್ತದೆ. ಅದಕ್ಕೇ ಬಿತ್ತನೆ ಕೋಠಿಯಲ್ಲಿ, ಎಂದರೆ ಮೊಟ್ಟೆ ತಯಾರಿಸುವ ಕಡೆ, ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಅರೆದು ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ರೋಗ ಕಂಡರೆ ಆ ಮೊಟ್ಟೆಗಳನ್ನೆಲ್ಲ ಸುಡುತ್ತಾರೆ. ನಾರಾಯಣಸ್ವಾಮಿಯ ತಾಯಿ ಮುನಿವೆಂಕಟಮ್ಮ ಅದೇ ಲೆಕ್ಕವನ್ನು ಸೊಸೆಗೂ ಹಾಕಿದ್ದರು. ಗಂಡನ ಕಡೆ ಯಾರಿಗೂ ಸಕ್ಕರೆ ಕಾಯಿಲೆ ಇಲ್ಲ, ಹಾಗಾದರೆ ತಾಯಿಯದೇ ದೋಷ.

ಮುನಿವೆಂಕಟಮ್ಮನನ್ನು ಕರೆಸಿದೆ. ಜಗಳಗಂಟಿ ಬರುತ್ತಾಳೆ ಅಂದುಕೊಂಡಿದ್ದೆ. ಬಂದವರು ಸಣಕಲು ಮುದುಕಿ, ಮೊಮ್ಮಗಳನ್ನು ತೊಡೆ ಬಿಟ್ಟು ಇಳಿಸಲಿಲ್ಲ. ಕಾಗದದ ಮೇಲೆ ಚಿತ್ರ ಬರೆದು ವಿವರಿಸಿದೆ. ಎದೆಮೂಳೆಯ ಹಿಂದೆ ಥೈಮಸ್ ಎಂಬ ಗ್ರಂಥಿ ಇದೆ, ಮಕ್ಕಳಲ್ಲಿ ದೊಡ್ಡದು, ವಯಸ್ಸಾದಂತೆ ಕರಗುತ್ತದೆ. ರೋಗದ ವಿರುದ್ಧ ಕಾದಾಡುವ ಟಿ-ಕಣಗಳು ಪಳಗುವುದು ಅಲ್ಲಿ. ನಮ್ಮ ದೇಹದ ವಸ್ತುಗಳ ಮಾದರಿಯನ್ನು, ಇನ್ಸುಲಿನ್ನಿನ ಮಾದರಿಯನ್ನು ಕೂಡ, ಅಲ್ಲಿ ಅವಕ್ಕೆ ತೋರಿಸಲಾಗುತ್ತದೆ. ನಮ್ಮದರ ಮೇಲೆಯೇ ಎರಗುವಂಥ ಕಣಗಳನ್ನು ಥೈಮಸ್ ಅಲ್ಲೇ ಸಾಯಿಸುತ್ತದೆ. ತಪ್ಪಿಸಿಕೊಂಡ ಕೆಲವನ್ನು ಹೊರಗೆ ಬೇರೆ ಕಾವಲು ಕಣಗಳು ತಡೆದಿಡುತ್ತವೆ. ತನ್ನದನ್ನು ತಾನು ಸಹಿಸಿಕೊಳ್ಳುವ ಈ ಗುಣಕ್ಕೆ ಟಾಲರೆನ್ಸ್ ಎಂದು ಹೆಸರು. ಭವ್ಯಳಲ್ಲಿ ಅದು ಮುರಿದು, ಅವಳ ಕಣಗಳೇ ಇನ್ಸುಲಿನ್ ಮಾಡುವ ಬೀಟಾ ಕೋಶಗಳನ್ನು ತಿಂದುಹಾಕಿದ್ದವು. ಯಾಕೆ ಮುರಿಯಿತು ಎಂದು ಯಾರಿಗೂ ಪೂರ್ತಿ ಗೊತ್ತಿಲ್ಲ. ವಂಶದ ಒಲವು ಸ್ವಲ್ಪ ಇರಬಹುದು, ಆದರೆ ಅದು ತಂದೆ ತಾಯಿ ಇಬ್ಬರ ಕಡೆಯಿಂದಲೂ ಬರಬಹುದು ಎಂದೆ.

ಮುದುಕಿ ಒಂದೊಂದು ಮಾತನ್ನೂ ಗಮನವಿಟ್ಟು ಕೇಳಿದರು. ಅರ್ಥವೂ ಆಗಿತ್ತು.

"ಹಂಗಾದ್ರೆ ಆ ಕೆಟ್ಟದ್ದನ್ನ ಬಿಟ್ಟೋರು ಯಾರಪ್ಪ?"

"ಯಾರೂ ಅಲ್ಲಮ್ಮ. ಯಾರ ತಪ್ಪೂ ಇಲ್ಲ."

"ಯಾರ ತಪ್ಪೂ ಇಲ್ದೆ ಹುಳ ಕೆಡಲ್ಲ ಡಾಕ್ಟ್ರಪ್ಪ. ನಲವತ್ತು ವರ್ಷದಿಂದ ಮೇಯಿಸ್ತಾ ಇದೀನಿ."

ತಪ್ಪಿನ ಮಾತು ಅತ್ತ ಇರಲಿ, ಮಂಜುಳಾ ಹತ್ತಿರ ಇಲ್ಲದಿದ್ದರೆ ಮಗು ಉಳಿಯುವುದಿಲ್ಲ ಎಂದು ಕಡ್ಡಿ ಮುರಿದಂತೆ ಹೇಳಿದೆ. ಮುದುಕಿ ಮೊಮ್ಮಗಳನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡರು. ಸೊಸೆಯನ್ನು ಕರೆಸಲು ಒಪ್ಪಿದರು. ಆದರೆ ಈ ಬೆಳೆ ಮುಗಿಯಲಿ ಎಂದರು. ಸೊಸೆಯ ತವರಿನಲ್ಲೂ ಹುಳು ಇತ್ತು, ಅಲ್ಲಿ ಹುಳುವಿಗೆ ರೋಗ ಬಿದ್ದಿತ್ತು. ರೋಗ ಬಿದ್ದ ಮನೆಯಿಂದ ಬಂದವರನ್ನು, ಹುಳು ಹಣ್ಣಾಗುವ ಹೊತ್ತಿನಲ್ಲಿ, ಹೆತ್ತ ಮಗಳಾದರೂ ಹೊಸ್ತಿಲು ದಾಟಿಸುವುದಿಲ್ಲ. ಆ ಸೀಮೆಯಲ್ಲಿ ಅದು ಎಲ್ಲ ಮನೆಯ ಕಟ್ಟಳೆ. ನಾಳೆಯೇ ಕರೆತನ್ನಿ ಎಂದು ನಾನು ರೇಗಿದೆ. ಒಂದೇ ವಾರ ತಾನೇ ಸ್ವಾಮಿ ಎಂದು ಮಗ ಕೈಮುಗಿದ.

ಆ ವಾರದಲ್ಲೇ ಭವ್ಯಳಿಗೆ ಜ್ವರ ಬಂತು. ಊಟ ಬಿಟ್ಟಳು. ಊಟವಿಲ್ಲದೆ ಸೂಜಿ ಹಾಕಿದರೆ ಸಕ್ಕರೆ ಕುಸಿದೀತೆಂದು ಹೆದರಿ ತಂದೆ ಇಂಜೆಕ್ಷನ್ ನಿಲ್ಲಿಸಿದ. ಅವನು ಸೋಮಾರಿಯಲ್ಲ, ಕೆಟ್ಟವನೂ ಅಲ್ಲ. ಬಾಯಿಪಾಠ ಮಾಡಿದ್ದವಳು ಚಿಂತಾಮಣಿಯಲ್ಲಿದ್ದಳು. ಹಣ್ಣಾದ ಹುಳುಗಳನ್ನು ಗೂಡು ಕಟ್ಟಲು ಚಂದ್ರಂಕಿ ಎಂಬ ಬಿದಿರಿನ ತಟ್ಟಿಗೆ ಬಿಡುವ ಗಡಿಬಿಡಿಯಲ್ಲಿ ಮಗು ಮಲಗಿದೆ, ಮಲಗಲಿ ಎಂದುಕೊಂಡರು. ನನ್ನ ಹತ್ತಿರ ತರುವಷ್ಟರಲ್ಲಿ ಅವಳಿಗೆ ಎಚ್ಚರವಿರಲಿಲ್ಲ. ನನಗೆ ತಿಳಿದದ್ದನ್ನೆಲ್ಲ ಮಾಡಿದೆ. ಮಧ್ಯಾಹ್ನದ ಹೊತ್ತಿಗೆ ಮಗು ಹೋಯಿತು.

ಸಂಜೆ ಚಿಂತಾಮಣಿಯಿಂದ ಮಂಜುಳಾ ಬಂದಳು. ಮಗಳ ತೋಳನ್ನು, ಹೊಟ್ಟೆಯನ್ನು, ತಾನು ಸೂಜಿ ಚುಚ್ಚುತ್ತಿದ್ದ ಜಾಗಗಳನ್ನೆಲ್ಲ ಸವರಿದಳು. ನಾನು ಪಕ್ಕದ ಕೋಣೆಗೆ ಹೋಗಿ ಅತ್ತುಬಿಟ್ಟೆ. ವಾಪಸು ಬಂದಾಗ ಮುನಿವೆಂಕಟಮ್ಮ ಸೊಸೆಯ ಕೈ ಹಿಡಿದುಕೊಂಡು ಕುಳಿತಿದ್ದರು.

"ಮನೆಗೆ ನಡಿಯಮ್ಮ."

"ಯಾರಿಗೆ ಇಂಜೆಕ್ಷನ್ ಕೊಡಾಕೆ ಬರ್ಲಿ ಅತ್ತೆ?"

ಮಗುವನ್ನು ಮಣ್ಣು ಮಾಡಿದ ಮೇಲೆ ಅವಳು ತವರಿಗೆ ಹೊರಟುಹೋದಳೆಂದು ಕೇಳಿದೆ. ಮತ್ತೆ ಬಂದಳೋ ಇಲ್ಲವೋ ತಿಳಿಯಲಿಲ್ಲ. ವಿಚಾರಿಸುವ ಧೈರ್ಯ ನನಗೂ ಬರಲಿಲ್ಲ.

ಕಾಯಿಲೆಯನ್ನು ಜನ ಹೇಗೋ ತಡೆದುಕೊಳ್ಳುತ್ತಾರೆ, ಅದಕ್ಕೆ ಕಾರಣವಿಲ್ಲ ಎಂಬುದನ್ನು ತಡೆದುಕೊಳ್ಳಲಾರರು. ಡಾಕ್ಟರು ಕಾರಣ ಹೇಳದಿದ್ದರೆ ಮನೆಯವರೇ ಒಬ್ಬರನ್ನು ಹುಡುಕುತ್ತಾರೆ, ಆ ಒಬ್ಬರು ಹೆಚ್ಚಾಗಿ ಹೆತ್ತವಳೇ. ಆಮೇಲೆ ನಾನು ಕೆಲಸ ಮಾಡಿದ ಚಿಕ್ಕಬಳ್ಳಾಪುರದಲ್ಲಿ, ಗೌರಿಬಿದನೂರಿನಲ್ಲಿ ಇಂಥ ಮಕ್ಕಳು ಬಂದಾಗಲೆಲ್ಲ ಸೂಜಿ ಕಲಿಸುವ ಮೊದಲೇ ಮನೆಯ ಹಿರಿಯರನ್ನೆಲ್ಲ ಕೂರಿಸಿ, ಇದರಲ್ಲಿ ಯಾರ ತಪ್ಪೂ ಇಲ್ಲ ಎಂದು ಹೇಳುತ್ತಿದ್ದೆ. ಎಲ್ಲರೂ ಹೂಂ ಎಂದು ತಲೆಯಾಡಿಸುತ್ತಿದ್ದರು. ನಾನು ಕಾಯುತ್ತಿದ್ದದ್ದು ಆ ತಲೆಗಳಿಗಲ್ಲ. ಆ ಮಾತು ಬಿದ್ದಾಗ ಯಾರ ಕಣ್ಣು ಸೊಸೆಯ ಕಡೆ ತಿರುಗುತ್ತದೆ ಎಂದು ನೋಡಿ, ಅವರ ಪಕ್ಕಕ್ಕೆ ನನ್ನ ಕುರ್ಚಿ ಎಳೆದುಕೊಂಡು ಮತ್ತೆ ಮೊದಲಿನಿಂದ ಹೇಳಲು ಶುರು ಮಾಡುತ್ತಿದ್ದೆ.