ಸೆಲ್ವಣ್ಣ ಮಾಮ ಮತ್ತು ಜರ್ಕ್ ಹೊಡೆಯುವ ಜಾಯ್‌ಸ್ಟಿಕ್

ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬರಲು ಸೆಲ್ವಣ್ಣ ಮಾಮನಿಗೆ ಒಂದು ಬಸ್ಸು ಸಾಲುತ್ತಿರಲಿಲ್ಲ. ಡ್ರೈವರ್ ಗೇರು ಹಾಕುವಾಗ ಬಸ್ಸು ಎರಡು ಸಲ ಜಗ್ಗಿದರೆ ಮಾಮ ಸೀಟಿನಿಂದ ಏಳುತ್ತಿದ್ದರು. ಮೂರನೇ ಸಲ ಜಗ್ಗಿದರೆ, "ನಿಲ್ಸಯ್ಯಾ! ಒಳಗಿರೋದು ಜನ ಅನ್ಕೊಂಡ್ಯೋ ಜಲ್ಲಿಕಲ್ಲು ಅನ್ಕೊಂಡ್ಯೋ?" ಎಂದು ಕೂಗಿ ನಡುದಾರಿಯಲ್ಲೇ ಇಳಿದು, ಮುಂದಿನ ಬಸ್ಸಿಗೆ ಕೈ ಅಡ್ಡ ಹಿಡಿಯುತ್ತಿದ್ದರು. ರವೀಂದ್ರನಗರದ ನಮ್ಮ ಮನೆ ತಲುಪುವಷ್ಟರಲ್ಲಿ ಅವರ ಮುಖ ಕೆಂಪಗಾಗಿರುತ್ತಿತ್ತು.

"ಎಷ್ಟು ಬಸ್ಸಾಯ್ತು ಸೆಲ್ವಣ್ಣ?" ಎಂದು ಅಪ್ಪ ಬೇಕೆಂದೇ ಕೇಳುತ್ತಿದ್ದರು.

"ಮೂರು. ಒಬ್ಬನಿಗೂ ಕ್ಲಚ್ ಬಿಡಕ್ಕೆ ಬರಲ್ಲ. ಲೈಸೆನ್ಸ್ ಕೊಟ್ಟೋನನ್ನ ಮೊದ್ಲು ಕರ್ಕೊಂಬಂದು ಅದ್ರೊಳಗೆ ಕೂರಿಸ್ಬೇಕು."

ಅಪ್ಪ ಮೊದಲು ಭದ್ರಾವತಿಯ ಒಂದು ಫೌಂಡ್ರಿಯಲ್ಲಿ ಗುಮಾಸ್ತರಾಗಿದ್ದರು. ಅಲ್ಲೇ ಸೆಲ್ವಣ್ಣ ಮಾಮ ಸೂರಿನಡಿ ಹಳಿಯ ಮೇಲೆ ಓಡುವ ದೊಡ್ಡ ಕ್ರೇನಿನ ಆಪರೇಟರ್. ಕರಗಿದ ಕಬ್ಬಿಣ ತುಂಬಿದ ಬಾನಿಯನ್ನು ಜನರ ತಲೆಯ ಮೇಲಿಂದ ಸಾಗಿಸುವ ಕೆಲಸ. "ಸೆಲ್ವಣ್ಣ ಇಳಿಸಿದ್ರೆ ಲೋಡು ಬಂದು ಕೂತಿದ್ದು ನೆಲಕ್ಕೇ ಗೊತ್ತಾಗ್ತಿರ್ಲಿಲ್ಲ" ಎಂದು ಅಪ್ಪ ಹೇಳುತ್ತಿದ್ದರು. ಆ ಮನುಷ್ಯನ ಕೈಯಷ್ಟೇ ಮೆತ್ತಗೆ. ಬಾಯಿ ಅಲ್ಲ. ಮನೆಯಲ್ಲಿ ಬಾಗಿಲು ಜೋರಾಗಿ ಹಾಕಿದರೂ ಬೈಗುಳ, ಕುರ್ಚಿ ಎಳೆದರೂ ಬೈಗುಳ.

ನನಗೂ ಸಿಟ್ಟು ಮೂಗಿನ ತುದಿಯಲ್ಲೇ. ಡಿಗ್ರಿ ಮುಗಿಸಿದ ವರ್ಷ ಪೈಲಟ್ ಆಯ್ಕೆ ಪರೀಕ್ಷೆಗೆ ಕರೆ ಬಂದಿತ್ತು. ಹೆಣ್ಣುಮಗಳು ವಿಮಾನ ಓಡಿಸುವುದೇ ಎಂದು ನಕ್ಕ ಬೀದಿಯ ಅಷ್ಟೂ ಜನರ ಮುಖ ನನ್ನ ಲೆಕ್ಕದಲ್ಲಿತ್ತು. ಪರೀಕ್ಷೆಯಲ್ಲಿ ಒಂದು ಯಂತ್ರದ ಮುಂದೆ ಕೂರಿಸುತ್ತಾರೆ. ಪರದೆಯ ಮೇಲೆ ಓಡಾಡುವ ಬೆಳಕಿನ ಚುಕ್ಕೆಯನ್ನು ಕೋಲು ತಿರುಗಿಸುತ್ತಾ ಚೌಕದೊಳಗೇ ಹಿಡಿದಿಡಬೇಕು. ಅದರಲ್ಲಿ ಸೋತರೆ ಜನ್ಮದಲ್ಲಿ ಮತ್ತೊಮ್ಮೆ ಕೂರುವ ಹಾಗಿಲ್ಲ. ಅದಕ್ಕೇ ಹಟ ಮಾಡಿ ಹಳೆಯದೊಂದು ಕಂಪ್ಯೂಟರ್, ವಿಮಾನ ಹಾರಿಸುವ ಆಟ, ಒಂದು ಜಾಯ್‌ಸ್ಟಿಕ್ ತರಿಸಿಕೊಂಡಿದ್ದೆ.

ಎರಡು ತಿಂಗಳಿಗೇ ಜಾಯ್‌ಸ್ಟಿಕ್ ಕೈಕೊಟ್ಟಿತು. ನಡುವಿನಿಂದ ತುಸು ಎಡಕ್ಕೆ ತಂದರೆ ಸಾಕು, ವಿಮಾನ ಧಡಕ್ಕನೆ ಬಲಕ್ಕೆ ವಾಲುತ್ತಿತ್ತು. ಕಂಪ್ಯೂಟರ್ ಅಂಗಡಿಯವನು ಕ್ಯಾಲಿಬ್ರೇಟ್ ಮಾಡಿ ಅಂದ. ಮಾಡಿದೆ. ಆಟವನ್ನು ತೆಗೆದು ಮತ್ತೆ ಹಾಕಿ ಅಂದ. ಹಾಕಿದೆ. ಕೊನೆಗೆ, ಕೋಲಿನ ಸಣ್ಣ ಚಲನೆಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಹಾಗೆ ಸೆಟ್ಟಿಂಗ್ ಬದಲಾಯಿಸಿಕೊಟ್ಟ. ಜರ್ಕ್ ಅರ್ಧ ಮುಚ್ಚಿತು. ಉಳಿದರ್ಧಕ್ಕೆ ನಾನೇ ಉಪಾಯ ಕಂಡುಕೊಂಡೆ: ಆ ಜಾಗ ಬರುವ ಮೊದಲೇ ಮಣಿಕಟ್ಟಿನಿಂದ ಎಡಕ್ಕೆ ಚಕ್ಕನೆ ಒಂದು ತಟ್ಟು. ಕೋಲು ಕೆಟ್ಟ ಜಾಗವನ್ನು ಹಾರಿ ದಾಟುತ್ತಿತ್ತು, ವಿಮಾನ ನೆಟ್ಟಗೆ ಇಳಿಯುತ್ತಿತ್ತು. ನನ್ನ ಜಾಣತನಕ್ಕೆ ನಾನೇ ಹಿಗ್ಗಿದೆ.

ಒಂದು ಭಾನುವಾರ ಮಾಮ ಬಂದರು. ಅವತ್ತು ಎರಡೇ ಬಸ್ಸು, ಸ್ವಲ್ಪ ಸಮಾಧಾನದಲ್ಲಿದ್ದರು. ನನ್ನ ಹಿಂದೆ ನಿಂತು, ಪರದೆಯನ್ನು ಬಿಟ್ಟು ನನ್ನ ಕೈಯನ್ನೇ ನೋಡಿದರು.

"ಅದೇನಮ್ಮಾ ಅದು, ಮಧ್ಯ ಮಧ್ಯ ತಟ್ತಿದ್ದೀಯಲ್ಲ?"

ಉಪಾಯವನ್ನು ಹೆಮ್ಮೆಯಿಂದ ವಿವರಿಸಿದೆ. ಮಾಮನ ಕಿವಿ ಕೆಂಪಾಯಿತು. "ಸ್ಕ್ರೂಡ್ರೈವರ್ ತಗೊಂಬಾ."

ಬಿಚ್ಚಿದರು. ಕೋಲಿನ ಬುಡದಲ್ಲಿ, ಹಳೆಯ ರೇಡಿಯೋದ ವಾಲ್ಯೂಮ್ ತಿರುಗಿಸುವ ಭಾಗದಂಥದೇ ಒಂದು ಪುಟ್ಟ ವಸ್ತುವಿತ್ತು. ಅದರೊಳಗಿನ ಕಪ್ಪು ಪಟ್ಟಿ ಒಂದು ಕಡೆ ಸವೆದು ಬೆಳ್ಳಗಾಗಿತ್ತು. ಹತ್ತಿಯಲ್ಲಿ ಸ್ಪಿರಿಟ್ ಅದ್ದಿ ಒರೆಸಿ ನೋಡಿದರು, ಹೋಗಲಿಲ್ಲ.

"ರೇಡಿಯೋ ಕರಕರ ಅನ್ನಲ್ವಾ, ಅದೇ ಕಾಯಿಲೆ. ಬೇರೆ ಹಾಕ್ಬೇಕು. ನಾನು ತಗೊಂಡ್ಹೋಗ್ತೀನಿ. ಟೆಸ್ಟ್ ಮುಗಿಯೋವರ್ಗೂ ನೀನು ಇದನ್ನ ಮುಟ್ಬೇಡ."

"ಇಪ್ಪತ್ತೇ ದಿನ ಇರೋದು ಮಾಮ! ಪ್ರಾಕ್ಟೀಸ್ ಮಾಡ್ದೆ ಹೆಂಗೆ ಹೋಗ್ಲಿ?"

"ಇದು ಪ್ರಾಕ್ಟೀಸಾ? ಕೋಲಿಗೆ ಬಂದಿರೋ ರೋಗನ ಕೈಗೆ ಅಂಟಿಸ್ಕೊಂಡು ಕೂತಿದ್ದೀಯ ಮಾರಾಯ್ತಿ! ಅಲ್ಲಿ ಒಳ್ಳೆ ಕೋಲು ಕೊಡ್ತಾರೆ. ನಿನ್ನ ಕೈ ಅಲ್ಲೂ ತಟ್ಟತ್ತೆ. ಇಪ್ಪತ್ತು ದಿನ ಕೈ ಕಟ್ಕೊಂಡು ಕೂತ್ರೆ ಮರ್ತರೂ ಮರೀಬಹುದು."

ನಾನು ಜಾಯ್‌ಸ್ಟಿಕ್ ಕಿತ್ತುಕೊಂಡೆ. ಆಗ ಮಾಮ ಗೋಡೆ ನೋಡುತ್ತಾ ಹೇಳಿದ್ದನ್ನು ಅಪ್ಪನೂ ಅದುವರೆಗೆ ಪೂರ್ತಿ ಕೇಳಿರಲಿಲ್ಲ.

"ನನ್ನ ಕ್ರೇನಿಗೂ ಹಿಂಗೇ ಬಂದಿತ್ತು. ಹಿಡಿಕೆ ಎರಡನೇ ನಾಚಿಗೆ, ಅಂದ್ರೆ ಎರಡನೇ ಕಚ್ಚಿಗೆ ಬಂದ್ರೆ ಜರ್ಕ್. ಕಂಪ್ಲೇಂಟ್ ಬರೀಲಿಲ್ಲ. ಬರೆದ್ರೆ ಕ್ರೇನ್ ನಿಲ್ಲಿಸ್ತಾರೆ, ನನ್ನ ಕೈ ಹೆಂಗೂ ಸರಿ ಮಾಡ್ಕೊಳತ್ತೆ ಅಂತ ಕೊಬ್ಬು. ಶಿಫ್ಟ್ ಬಿಡೋವಾಗ ಮುಂದಿನೋನಿಗೆ ಕ್ರೇನಿನ ಗುಣ ಹೇಳಿ ಇಳೀಬೇಕು, ಅದು ನಮ್ಮಲ್ಲಿ ಪದ್ಧತಿ. ಅದನ್ನೂ ಹೇಳ್ಲಿಲ್ಲ. ಯಾಕೆ ಗೊತ್ತಾ? ಹಂಗೊಂದು ದೋಷ ಇದೆ ಅಂತ ನಂಗೇ ಮರ್ತೋಗಿತ್ತು! ನಾನು ರಜಾ ಹಾಕಿದ ದಿನ ಹೊಸಬ ಹತ್ತಿದ. ಲೋಡು ಬೀಸ್ತು. ಕೆಳಗೆ ಕೆಲಸ ಮಾಡ್ತಿದ್ದ ಕಾಶಿ ಅನ್ನೋನ ಎರಡೂ ಕಾಲು ಹೋಯ್ತು. ಹೊಸಬನ್ನ ಕೆಲಸದಿಂದ ತೆಗೆದ್ರು. ಅದೇ ಕ್ರೇನ್ ಅಷ್ಟು ದಿನ ಓಡಿಸಿದ ನಂಗೆ, ಎಂಥಾ ಕೈಯಪ್ಪಾ ಅಂತ ಶಾಲು ಹೊದಿಸಿದ್ರು."

ಅಲ್ಲಿಗೆ ನಾನು ಬಾಯಿ ಮುಚ್ಚಬೇಕಿತ್ತು. ಮುಚ್ಚಲಿಲ್ಲ. "ನೀವು ಮಾಡಿದ ತಪ್ಪಿಗೆ ನನಗ್ಯಾಕೆ ಮಾಮ ಶಿಕ್ಷೆ?" ಎಂದೆ.

ಮಾಮ ಎದ್ದರು. ಅಮ್ಮ ತಂದ ಕಾಫಿ ಮುಟ್ಟಲಿಲ್ಲ. ಹೋಗುವಾಗ ಗೇಟನ್ನು ಸದ್ದಾಗದಂತೆ ಹಾಕಿಕೊಂಡು ಹೋದರು.

ಬಿಚ್ಚಿದ್ದನ್ನು ನಾನೇ ಮತ್ತೆ ಸೇರಿಸಿ, ಇಪ್ಪತ್ತು ದಿನವೂ ಅದೇ ಕೋಲಿನಲ್ಲಿ ತಟ್ಟುತ್ತಾ ಕೂತೆ. ಪರೀಕ್ಷೆಯ ಯಂತ್ರದ ಕೋಲು ಬೆಣ್ಣೆಯ ಹಾಗಿತ್ತು. ಚುಕ್ಕೆ ಚೌಕದೊಳಗೆ ಬಂತು, ನನ್ನ ಕೈ ತಟ್ಟಿತು, ಚುಕ್ಕೆ ಎಡಕ್ಕೆ ಹಾರಿ ಹೊರಗೆ ಬಿತ್ತು. ಮತ್ತೆ ತಂದೆ, ಮತ್ತೆ ತಟ್ಟಿತು. ಬೇಡ, ಬೇಡ ಎಂದು ಹಲ್ಲು ಕಚ್ಚಿದರೂ ಕೈ ಕೇಳಲಿಲ್ಲ. ಸಂಜೆ ಫೇಲಾದವರ ಪಟ್ಟಿ ಓದಿದಾಗ ಮೊದಲ ಹೆಸರೇ ನನ್ನದು.

ಊರಿಗೆ ಬಂದವಳೇ ಜಾಯ್‌ಸ್ಟಿಕ್ ಹಿಡಿದು ಭದ್ರಾವತಿ ಬಸ್ಸು ಹತ್ತಿದೆ. ಯಾರ ಮೇಲೆ ಸಿಟ್ಟು ಎಂದು ನನಗೇ ಗೊತ್ತಿರಲಿಲ್ಲ. ಮಾಮನ ಮನೆಯ ಜಗಲಿಯ ಮೇಲೆ ಅದನ್ನು ಕುಕ್ಕಿ, "ತಗೊಳ್ಳಿ, ನೀವು ಹೇಳಿದ ಹಾಗೇ ಆಯ್ತು. ಖುಷಿಯಾಯ್ತಾ?" ಎಂದು ಕಿರುಚಿದೆ.

ಮಾಮ ನನಗಿಂತ ಜೋರಾಗಿ ಕಿರುಚಿದರು. "ಖುಷಿನಾ? ಅವತ್ತು ನಾನು ಕಿತ್ಕೊಂಡು ಬರ್ಬೇಕಿತ್ತು! ನೀನೊಂದು ಮಾತಂದೆ ಅಂತ ರೋಷ ಬಂದು ಬಿಟ್ಟು ಬಂದ್ನಲ್ಲಾ! ಕಾಶಿ ಕಾಲೂ ಹಂಗೇ ಹೋಯ್ತು, ನಿನ್ ಪರೀಕ್ಷೇನೂ ಹಂಗೇ ಹೋಯ್ತು!" ಎಂದು ಬಲಗೈಯನ್ನು ಜಗಲಿಯ ಕಂಬಕ್ಕೆ ಎರಡು ಸಲ ಬಡಿದುಕೊಂಡರು. ಆ ಕೈ ಅಷ್ಟು ಜೋರಾಗಿ ಎಲ್ಲಿಗಾದರೂ ತಾಗಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಕ್ಷಮೆ ಕೇಳದೆ, ತಿರುಗಿ ನೋಡದೆ ಬಸ್‌ಸ್ಟ್ಯಾಂಡಿಗೆ ನಡೆದೆ.

ಆಮೇಲೆ ಅವರು ನಮ್ಮ ಮನೆಗೆ ಬರಲಿಲ್ಲ, ನಾನೂ ಹೋಗಲಿಲ್ಲ. ಮಳೆಗಾಲ ಮುಗಿಯುವುದರೊಳಗೆ ಹೃದಯಾಘಾತವಾಗಿ ತೀರಿಕೊಂಡರು. ಹನ್ನೊಂದನೇ ದಿನ ಅವರ ಹೆಂಡತಿ ಬಟ್ಟೆಯ ಚೀಲವೊಂದನ್ನು ನನ್ನ ಕೈಗಿಟ್ಟರು. "ನೀನು ಬಂದು ಹೋದ ವಾರಾನೇ ರಿಪೇರಿ ಮಾಡಿಟ್ಟಿದ್ರಮ್ಮ. ಅವಳೇ ಬಂದು ತಗೊಂಡು ಹೋಗ್ಲಿ ಅಂತಿದ್ರು."

ಮನೆಗೆ ಬಂದು ಜಾಯ್‌ಸ್ಟಿಕ್ಕನ್ನು ಕಂಪ್ಯೂಟರಿಗೆ ಜೋಡಿಸಿದೆ. ಜರ್ಕ್ ಮುಚ್ಚಲು ಅಂಗಡಿಯವನು ಹಾಕಿಕೊಟ್ಟಿದ್ದ ಸೆಟ್ಟಿಂಗನ್ನು ತೆಗೆದುಹಾಕಿದೆ. ಕೋಲು ಎಡದಿಂದ ಬಲದವರೆಗೆ ಎಲ್ಲೂ ತಡವರಿಸದೆ ಹರಿಯಿತು. ರನ್‌ವೇ ಹತ್ತಿರ ಬಂತು, ವಿಮಾನ ನೆಟ್ಟಗೆ ಇಳಿಯುತ್ತಿತ್ತು. ನೆಲಕ್ಕೆ ಇನ್ನೇನು ತಾಗಬೇಕು ಎನ್ನುವಾಗ ನನ್ನ ಕೈ ತಟ್ಟಿತು. ಎಡಗಡೆಯ ರೆಕ್ಕೆ ನೆಲಕ್ಕೆ ಬಡಿದು ಪರದೆ ಕಪ್ಪಾಯಿತು.

ನಾನು ಹಿಂದೆ ತಿರುಗಿ ನೋಡಿದೆ. ಬೈಯಲು ಅಲ್ಲಿ ಯಾರೂ ನಿಂತಿರಲಿಲ್ಲ.