ಹೇಳದೆ ಬಿಚ್ಚಿದ ಗಂಟು

ನನ್ನ ತಂಗಿಯ ಮಾತನ್ನು ಹಿರಿಯರ ಮುಂದೆ ತಿರುಗಿ ಎತ್ತುವುದು ನನ್ನ ಕೆಲಸವಾಗಿತ್ತು. ನಾನು ಎತ್ತಲಿಲ್ಲ. ಮರೆತೆ ಎಂದು ವರ್ಷಗಟ್ಟಲೆ ಹೇಳಿಕೊಂಡೆ. ಮರೆತಿರಲಿಲ್ಲ.

ಕುರುಗೋಡಿನ ನಮ್ಮ ಮನೆಯಲ್ಲಿ ಒಂದು ಪದ್ಧತಿಯಿತ್ತು. ಹೊಲದ ಬದುವಿನ ವಿಚಾರಕ್ಕೆ ಕೂತ ಹಿರಿಯರು ಯಾರದೋ ಎಮ್ಮೆ ಈದ ಸುದ್ದಿ ಮುಗಿಸಿ ಎದ್ದುಹೋಗುತ್ತಿದ್ದರು. ಅದಕ್ಕೇ ಒಬ್ಬ ತನ್ನ ಹೆಗಲ ಮೇಲಿನ ಬಟ್ಟೆ, ವಲ್ಲಿ, ಹಿಡಿದು ಕೂಡಬೇಕು. ಮಾತು ಅಡ್ಡ ಹೊರಳಿದಾಗಲೆಲ್ಲ ವಲ್ಲಿಗೆ ಒಂದು ಗಂಟು. ಅಡ್ಡಮಾತು ಮುಗಿದಾಗ ಕಡೆಯ ಗಂಟು ಬಿಚ್ಚಿ, ಎಲ್ಲಿಂದ ಹೊರಳಿದೆವೆಂದು ಹೇಳಬೇಕು. ಗಂಟು ಉಳಿದಿದ್ದರೆ ಯಾರೂ ಏಳುವಂತಿಲ್ಲ. ವಲ್ಲಿ ಕೊಡವಿದ ಮೇಲೆ ಮತ್ತೆ ಮಾತೆತ್ತುವಂತಿಲ್ಲ, ಹೆಂಗಸರಂತೂ ಇಲ್ಲವೇ ಇಲ್ಲ. ಅಪ್ಪ ತೀರಿಕೊಂಡ ಮೇಲೆ ಈ ಕೆಲಸ ನನಗೆ ಬಂತು. ನಾಲ್ಕನೆಯ ಕ್ಲಾಸಿಗೆ ಸಾಲೆ ಬಿಟ್ಟವನಿಗೆ ಮನೆಯಲ್ಲಿದ್ದ ಮರ್ಯಾದೆ ಅದೊಂದೇ.

ತಂಗಿ ಎಂಟನೆಯ ಕ್ಲಾಸು ಪಾಸಾಗಿದ್ದಳು. ಬಳ್ಳಾರಿಯಲ್ಲಿ ಟೀಚರ್ ಟ್ರೇನಿಂಗಿಗೆ ಸೇರಬೇಕೆಂದಿದ್ದಳು. ಅರ್ಜಿಗೆ ದೊಡ್ಡಪ್ಪನ ಸಹಿ ಬೇಕಿತ್ತು; ಮರುದಿನವೇ ಕೊನೆಯ ದಿನ. ದೊಡ್ಡಪ್ಪ ಮತ್ತು ಸಿರುಗುಪ್ಪದ ಸೋದರಮಾವ ಬಂದು ಕೂತಾಗ ಅವಳು ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದಳು:

"ಅಣ್ಣ, ನಾ ಒಳಗ ಇರ್ತೀನಿ. ನನ್ನ ಮಾತು ನಿನ್ನ ಕೈಯಾಗ ಐತಿ."

ದೊಡ್ಡಪ್ಪ ಅರ್ಜಿ ತಿರುವಿ ನೋಡಿದರು. "ಬಳ್ಳಾರಿಗೆ ಯಾವ ಬಸ್ಸಿಗೆ ಕಳಸೋದು?"

"ಬಸ್ಸಿನ ಸುದ್ದಿ ತೆಗೀಬ್ಯಾಡ್ರಿ," ಎಂದ ಮಾವ. "ಆ ಇದ್ದಿಲ ಸುಟ್ಟು ಓಡೋ ಬಸ್ಸು ಸಂಗನಕಲ್ಲು ಹತ್ರ ನಿಂತುಬಿಡ್ತು. ಟಿಕೀಟು ತಗೊಂಡವರೂ ನಾವ, ಅದನ್ನ ಎಳದ ಎತ್ತೂ ನಾವ."

ಒಂದು ಗಂಟು. ಬಸ್ಸಿನಿಂದ ಮಾತು ಹೊಳೆಗೆ ಕಟ್ಟುತ್ತಿದ್ದ ಡ್ಯಾಮಿಗೆ, ಸಿರುಗುಪ್ಪಕ್ಕೆ ಬರಲಿರುವ ಕಾಲುವೆಗೆ ಹೋಯಿತು. ಎರಡು. ಇನ್ನು ಮೇಲೆ ನಮ್ಮಲ್ಲಿ ಬರೀ ಭತ್ತ ಎಂದ ಮಾವ.

"ಜ್ವಾಳ ತಿಂದೇ ನಿನ್ನ ಹೊಟ್ಟಿ ಹಿಂಗೈತಿ," ಎಂದರು ದೊಡ್ಡಪ್ಪ. "ಅನ್ನ ತಿಂದ್ರ ಬಾಗಲ ಅಗಲ ಮಾಡಿಸ್ಬೇಕಾಗ್ತೈತಿ." ಮೂರು.

ನಗು ನಿಂತಮೇಲೆ ಒಂದು ಗಂಟು ಬಿಚ್ಚಿ ಕಾಲುವೆ ಎಂದೆ. ಇನ್ನೊಂದು ಬಿಚ್ಚಿ ಬಸ್ಸು ಎಂದೆ. ಆ ಮಾತುಗಳೂ ತೀರಿದವು. ಉಳಿದದ್ದು ಮೊದಲನೆಯದು. ತಂಗಿ ಟೀಚರಮ್ಮನಾಗಿ ಬಂದು, ಊರವರೆಲ್ಲ ಅವಳಿಗೆ ಕೈಮುಗಿದು, ನಾನು ಅವಳ ಪೆಟ್ಟಿಗೆ ಹೊತ್ತು ಹಿಂದೆ ನಡೆದಂತೆ ಕಣ್ಣಿಗೆ ಕಟ್ಟಿತು. ವಲ್ಲಿಯನ್ನು ತೊಡೆಯ ಕೆಳಗೆ ಎಳೆದುಕೊಂಡು ಆ ಗಂಟನ್ನು ಸುಮ್ಮನೆ ಬಿಚ್ಚಿದೆ.

"ಏನರ ಉಳದೈತೇನಲೇ?"

"ಏನಿಲ್ರಿ ದೊಡ್ಡಪ್ಪ."

ವಲ್ಲಿ ಕೊಡವಿ ತೋರಿಸಿದೆ. ಅರ್ಜಿ ಚಾಪೆಯ ಮೇಲೆಯೇ ಉಳಿಯಿತು. ಅಡಿಗೆಮನೆಯ ಹೊಸ್ತಿಲಲ್ಲಿ ತಂಗಿ ನಿಂತಿದ್ದಳು. ಅವರು ಹೋದಮೇಲೆ ಕೇಳಿದಳು, "ಮರ್ತೇನಣ್ಣ?"

ಹೂಂ ಎಂದೆ. ಅವಳು ನಂಬಿದಳು. ಅದೇ ಇವತ್ತಿಗೂ ಸುಡುತ್ತದೆ.

ಮರುವರ್ಷ ಅವಳನ್ನು ಸಿರುಗುಪ್ಪಕ್ಕೆ ಕೊಟ್ಟರು. ಕಾಲುವೆಗೆ ನೀರು ಬಂದ ವರ್ಷ ಅವಳ ಮನೆಗೆ ಹೋದೆ. ಮೊರದ ಅಕ್ಕಿಯಲ್ಲಿ ಬೆರಳಾಡಿಸಿ ಮಗಳಿಗೆ ಅಕ್ಷರ ಕಲಿಸುತ್ತಿದ್ದಳು. ಬರೆದದ್ದನ್ನು ಅಳಿಸಿ, ಅದೇ ಅಕ್ಕಿಯನ್ನು ಒಲೆಗೆ ಒಯ್ಯಬೇಕು.

"ಈ ಮನಿಯಾಗೂ ಮಾತು ಹಳ್ಳ ಹಿಡೀತಾವಣ್ಣ," ಎಂದು ನಕ್ಕಳು. "ನಿನ್ನಂಥವನೊಬ್ಬ ಗಂಟು ಹಾಕಾಕ ಬೇಕಿತ್ತು."

ನನಗೆ ಕೂತಿರಲಾಗಲಿಲ್ಲ. ಎದ್ದು ನಿಂತು ಹೇಳಿದೆ:

"ಅವತ್ತು ನಾ ಮರ್ತಿರಲಿಲ್ಲವ್ವಾ. ಗೊತ್ತಿದ್ದೇ ಬಿಚ್ಚಿದೆ. ನೀ ನನಗಿಂತ ಮ್ಯಾಲ ಹೋಗೋದು ನೋಡಾಕ ಆಗಲಿಲ್ಲ. ತಪ್ಪಾತು, ತಂಗೀ."