ಅಪ್ಪ ಜಾಲರಿ ತೆಗೆದ ಭಾನುವಾರ

ಎಲ್ಲವೂ ಹೀಗೆಯೇ ನಡೆಯಿತೆಂದು ಪ್ರಮಾಣ ಮಾಡಲಾರೆ. ಎಷ್ಟೋ ಜನರಿಗೆ ಹೇಳಿ ಹೇಳಿ ಕಥೆ ನುಣುಪಾಗಿಬಿಟ್ಟಿದೆ. ತಂಗಿ ಆಗ ತಾರಸಿಯಲ್ಲಿದ್ದಳೋ, ಆಮೇಲೆ ನಾನೇ ಅವಳನ್ನು ಅಲ್ಲಿ ತಂದು ನಿಲ್ಲಿಸಿದೆನೋ, ಅದೂ ಅನುಮಾನವೇ.

ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ಅಪ್ಪ ಪೀಣ್ಯದ ಮನೆಯ ತಾರಸಿಯಲ್ಲಿ ಪಾರಿವಾಳ ಸಾಕುತ್ತಿದ್ದರು. ಜೋಡಿ ಮಾಡಲು ಒಂದು ಪೆಟ್ಟಿಗೆ. ನಡುವೆ ತಂತಿ ಜಾಲರಿ, ಆಚೆ ಗಂಡು, ಈಚೆ ಹೆಣ್ಣು. ಹೆಣ್ಣು ತಾನಾಗಿ ಹತ್ತಿರ ಬಂದು ತಲೆಯಾಡಿಸುವವರೆಗೂ ಜಾಲರಿ ತೆಗೆಯಬಾರದು.

ಸೋದರಮಾವ ತಂಗಿಗೊಂದು ಸಂಬಂಧ ತಂದಿದ್ದರು. ಹುಡುಗನಿಗೆ ಹೂಡಿಯಲ್ಲಿ ಫ್ಲ್ಯಾಟು, ಜಾತಕವೂ ಕೂಡಿತ್ತು. ಆ ಭಾನುವಾರ ಉತ್ತರ ಹೇಳಬೇಕಿತ್ತು. ಅಮ್ಮನಿಗೆ ಪೂರ್ತಿ ಮನಸ್ಸಿತ್ತು. ತಂಗಿಗೆ ಇರಲಿಲ್ಲ.

"ನಾನು ಮಾತು ಮುಗಿಸೋ ಮುಂಚೆನೇ ಉತ್ತರ ಕೊಡ್ತಾನೆ ಕಣೋ. ಜೀವನಪೂರ್ತಿ ಅರ್ಧರ್ಧ ಮಾತಾಡ್ಲಾ?" ಎಂದಿದ್ದಳು ನನ್ನ ಹತ್ತಿರ. ಅಪ್ಪನ ಮನಸ್ಸು ಯಾವ ಕಡೆಗಿದೆಯೆಂದು ನನಗೆ ಗೊತ್ತಿರಲಿಲ್ಲ.

ಮಧ್ಯಾಹ್ನ ಅಪ್ಪ ಅವಸರಪಟ್ಟು ಜಾಲರಿ ತೆಗೆದರು. ಒಳಗಿದ್ದದ್ದು ಒಳ್ಳೆಯ ತಳಿಯ ಬಿಳಿ ಗಂಡು. ಹೆಣ್ಣು ಅದನ್ನು ಕುಕ್ಕಿ ಮೂಲೆಗೆ ತಳ್ಳಿ, ಪೆಟ್ಟಿಗೆಯ ತೆರೆದ ಬಾಗಿಲಿನಿಂದ ಹಾರಿಹೋಯಿತು. ನೀರಿನ ಟ್ಯಾಂಕಿನ ಮೇಲೆ ಕೂತಿದ್ದ ಸಾಧಾರಣ ಬೂದು ಗಂಡಿನ ಪಕ್ಕ ಇಳಿದು, ಅದರ ಕತ್ತಿನ ಗರಿ ನೇವರಿಸತೊಡಗಿತು.

"ಏನಪ್ಪಾ, ಇವಳಿಗೂ ಜಾತಕ ಕೂಡಿತ್ತಾ?" ಎಂದಳು ತಂಗಿ.

"ಕೂಡಿತ್ತು ಕಣಮ್ಮಾ. ಇವಳು ಒಪ್ಲಿಲ್ಲ. ನಿಂದೂ ಬೇಡ ಬಿಡು."

ಪ್ರಾಣಿಲೋಕದಲ್ಲಿ ಆಯ್ಕೆ ಬಹುಪಾಲು ಹೆಣ್ಣಿನದು, ಗಂಡಿನ ಬಣ್ಣ, ಕುಣಿತಗಳೆಲ್ಲ ಬರೀ ಅರ್ಜಿ ಎಂದು ನಾನು ಕಾಲೇಜಿನಲ್ಲಿ ಓದಿದ್ದೆ. ಆ ಹೆಣ್ಣೂ ಬೂದು ಗಂಡೂ ಸರದಿಯಂತೆ ಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡಿದವು. ಹಾಗಾಗಿ ಒಂದು ಪಾರಿವಾಳ ಅಪ್ಪನ ಕಣ್ಣು ತೆರೆಸಿತೆಂದು ವರ್ಷಗಟ್ಟಲೆ ಹೇಳಿಕೊಂಡು ತಿರುಗಿದೆ.

ಈಚೆಗೆ ಮಾವನೆದುರೂ ಹೇಳಿದೆ. ಅವರು ನಕ್ಕುಬಿಟ್ಟರು.

"ಯಾವ ಪಾರಿವಾಳನೋ? ನಿಮ್ಮಪ್ಪ ಬೆಳಿಗ್ಗೆನೇ ಫೋನ್ ಮಾಡಿದ್ರಲ್ಲೋ! 'ಮಗಳು ಬೇಡ ಅಂದ್ಳು, ಅವ್ರಿಗೆ ಹೇಳ್ಬಿಡು' ಅಂದ್ರು. ನಾನಿನ್ನೂ ಹಲ್ಲೇ ಉಜ್ಜಿರ್ಲಿಲ್ಲ."

ಮಾವನ ನೆನಪನ್ನೂ ನಂಬದೆ ಅಮ್ಮನನ್ನು ಬೇರೆಯಾಗಿ ಕೇಳಿದೆ. ಮಾವ ಏನೆಂದರೆಂದು ನಾನು ಅವಳಿಗೆ ಹೇಳಲಿಲ್ಲ. ಅಮ್ಮನಿಗೆ ಇಂದಿಗೂ ಸ್ವಲ್ಪ ಮುನಿಸು. ಬೆಳಿಗ್ಗೆ ಅಪ್ಪ ಫೋನ್ ಮಾಡುವಾಗ ಪಕ್ಕದಲ್ಲೇ ನಿಂತಿದ್ದಳಂತೆ, ಸಿಟ್ಟಿನಲ್ಲಿ ಹಾಲು ಉಕ್ಕಿಸಿಬಿಟ್ಟಳಂತೆ. ಅಪ್ಪ ಫೋನಿಟ್ಟು, ಕಾಳಿನ ಡಬ್ಬಿ ಹಿಡಿದು, ಆಮೇಲೆ ತಾರಸಿ ಹತ್ತಿದರು.